ಫ್ರೀಸ್‌ಲ್ಯಾಂಡ್: ಚಂದ್ರನ ಲೆಕ್ಕದಲ್ಲಿ ಬಾಳುವ ನಾಡು

ಹಾಲೆಂಡ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರಗಳು ಕೆಲವೇ: ಗಾಳಿಗಿರಣಿಗಳು, ಟ್ಯೂಲಿಪ್ ಹೂವಿನ ಹೊಲಗಳು, ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆಗಳು. ಆ ದೇಶಕ್ಕೆ ಹೋದ ಪ್ರವಾಸಿಗಳಲ್ಲಿ ಬಹುಮಂದಿ ನೋಡಿ ಬರುವುದೂ ಇವನ್ನೇ. ಆದರೆ ಹಾಲೆಂಡ್ ಎಂಬುದು ನೆದರ್ಲೆಂಡ್ಸ್ ದೇಶದ ಪಶ್ಚಿಮದಲ್ಲಿರುವ ಎರಡು ಪ್ರಾಂತಗಳ ಹೆಸರು ಮಾತ್ರ. ದೇಶದಲ್ಲಿ ಒಟ್ಟು 12 ಪ್ರಾಂತಗಳಿವೆ. ಅವುಗಳಲ್ಲಿ ಉತ್ತರದ ಕಡಲಂಚಿನ ಫ್ರೀಸ್‌ಲ್ಯಾಂಡಿಗೆ ಹೊರನಾಡಿನ ಪ್ರವಾಸಿಗಳು ಹೋಗುವುದು ಕಡಮೆ. ಅಲ್ಲಿಯ ಜನರಿಗೆ ಡಚ್ ಭಾಷೆಯಿಂದ ಬೇರೆಯಾದ ಫ್ರೀಸಿಯನ್ ಎಂಬ ಸ್ವಂತ ಭಾಷೆಯಿದೆ, ಸ್ವಂತ ತಿಂಡಿತಿನಿಸುಗಳಿವೆ. ಭೌತವಿಜ್ಞಾನದ ವಿದ್ಯಾರ್ಥಿಗೋ ಆ ನಾಡು ಒಂದು ತೆರೆದ ಪಾಠಶಾಲೆಯೇ ಸರಿ. ಆಕಾಶದ ಭಯವನ್ನೂ ಕಡಲಿನ ಭಯವನ್ನೂ ಲೆಕ್ಕದ ಬಲದಿಂದ ಗೆಲ್ಲಲು ಅಲ್ಲಿ ಯತ್ನ ನಡೆದಿದೆ. ಆ ಲೆಕ್ಕದ ಫಲವು ಅಲ್ಲಿಯ ಊಟದ ತಟ್ಟೆಯಲ್ಲಿಯೂ ಕಾಣುತ್ತದೆ. ಭೂಪಟವನ್ನು ಮುಂದಿಟ್ಟುಕೊಂಡು ನಾವು ಅಲ್ಲಿಗೊಂದು ಸಣ್ಣ ಪ್ರವಾಸ ಹೊರಡೋಣ.

ಮನೆಯ ಮಾಳಿಗೆಯಲ್ಲಿ ಸೌರವ್ಯೂಹ

ನಮ್ಮ ಮೊದಲ ನಿಲ್ದಾಣ ಫ್ರಾನೆಕರ್ ಎಂಬ ಪುಟ್ಟ ಪಟ್ಟಣ. 1585ರಿಂದ 1811ರವರೆಗೆ ಇಲ್ಲೊಂದು ವಿಶ್ವವಿದ್ಯಾನಿಲಯವಿದ್ದಿತು. ಆದರೆ ಇಂದು ಈ ಊರಿಗೆ ಕೀರ್ತಿ ತಂದಿರುವವನು ಆ ವಿದ್ಯಾನಿಲಯದ ಪಂಡಿತನಲ್ಲ. ಉಣ್ಣೆ ಬಾಚುವ ಕಸುಬಿನವನಾದ ಐಸೆ ಐಸಿಂಗ (1744–1828).

1774ರ ಮೇ 8ರಂದು ಬುಧ, ಶುಕ್ರ, ಮಂಗಳ, ಗುರು ಎಂಬ ನಾಲ್ಕು ಗ್ರಹಗಳೂ ಚಂದ್ರನೂ ಆಕಾಶದ ಒಂದೇ ಭಾಗದಲ್ಲಿ ಕೂಡುವುದರಲ್ಲಿದ್ದುವು. ಇವು ಒಂದಕ್ಕೊಂದು ತಾಗಿ, ಭೂಮಿಯು ತನ್ನ ಪಥದಿಂದ ಕದಲಿ, ಸೂರ್ಯನಲ್ಲಿ ಬಿದ್ದು ಉರಿದುಹೋಗಬಹುದೆಂದು ಅಲ್ಲಿಯ ಒಂದು ಕಿರುಹೊತ್ತಗೆ ಸಾರಿತು. ಜನರು ತಲ್ಲಣಿಸಿದರು. ಹೇಳಿದ ದಿನ ಬಂದಿತು, ಹೋಯಿತು, ಏನೂ ಆಗಲಿಲ್ಲ. ಈ ಭಯವನ್ನು ಕಂಡು ನಾವು ನಗಬೇಕಾಗಿಲ್ಲ. 1962ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ಅಷ್ಟಗ್ರಹಕೂಟವೆಂದು ಎಷ್ಟು ಗಾಬರಿ ಹಬ್ಬಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿಯಬಹುದು. ಆ ಎಂಟರಲ್ಲಿ ಒಂದಾದ ಕೇತುವು ಒಂದು ಕಾಯವೇ ಅಲ್ಲ. ಚಂದ್ರನ ಪಥವು ಕ್ರಾಂತಿವೃತ್ತವನ್ನು ಕಡಿಯುವ ಒಂದು ಬಿಂದು ಮಾತ್ರ. ಇಲ್ಲಿಯೂ ದಿನಗಳು ಕಳೆದುವು, ಲೋಕ ಉಳಿಯಿತು.

ಫ್ರಾನೆಕರಿನ ಉಣ್ಣೆಗಾರನು ವಾದಕ್ಕೆ ಹೋಗಲಿಲ್ಲ. ಗ್ರಹಗಳು ನಿಜವಾಗಿ ಹೇಗೆ ಚಲಿಸುತ್ತವೆಂಬುದನ್ನು ತನ್ನ ಮನೆಯ ಮಾಳಿಗೆಯಲ್ಲಿ ರಚಿಸಿ ತೋರಿಸತೊಡಗಿದನು. 1774ರಲ್ಲಿ ಆರಂಭವಾದ ಕೆಲಸ 1781ರಲ್ಲಿ ಮುಗಿಯಿತು. ಕೆಳಗೆ ನಿಂತು ನೋಡಿದರೆ ನೀಲಿ ಬಣ್ಣದ ಮಾಳಿಗೆಯ ನಡುವೆ ಸೂರ್ಯ. ಅದರ ಸುತ್ತ ಕೊರೆದ ಸೀಳುಗಳಲ್ಲಿ ತೂಗುತ್ತ ಸುತ್ತುವ ಗ್ರಹಗಳ ಚಿಕ್ಕ ಗುಂಡುಗಳು. ಮಾಳಿಗೆಯ ಮೇಲೆ ಮರದ ಗಾಲಿಗಳೂ ಬಳೆಗಳೂ ಇವೆ. ಅವುಗಳ ಹಲ್ಲುಗಳಾಗಿ ಕೈಯಿಂದ ಬಡಿದ ಸುಮಾರು 10,000 ಮೊಳೆಗಳನ್ನು ಹೊಡೆದಿದ್ದಾನೆ. ಇಷ್ಟನ್ನೂ ನಡೆಸುವುದು ಒಂದೇ ಒಂದು ಲೋಲಕದ ಗಡಿಯಾರ ಮತ್ತು ಒಂಬತ್ತು ತೂಕದ ಗುಂಡುಗಳು.

ಇಲ್ಲಿಯ ಅಳತೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮಿಲಿಮೀಟರ್. ಈ ಲೆಕ್ಕದಲ್ಲಿ ಸೂರ್ಯನಿಂದ ಶುಕ್ರ 11 ಸೆಂಟಿಮೀಟರ್, ಭೂಮಿ 15, ಮಂಗಳ 23, ಗುರು 78 ಸೆಂಟಿಮೀಟರ್ ದೂರದಲ್ಲಿರಬೇಕು. ಭೂಮಿಯಿಂದ ನೋಡಿದಾಗ ಒಂದೇ ದಿಕ್ಕಿನಲ್ಲಿ ಕಾಣುವ ಗ್ರಹಗಳು ಒಂದರ ಹಿಂದೊಂದು ಎಷ್ಟು ದೂರ ದೂರ ನಿಂತಿರುತ್ತವೆಂಬುದು ಮಾಳಿಗೆಯನ್ನು ನೋಡಿದ ಹುಡುಗನಿಗೂ ತಿಳಿಯುತ್ತದೆ. ದೂರದಲ್ಲಿ ರಸ್ತೆಯ ದೀಪದ ಕಂಬಗಳು ಒಂದಕ್ಕೊಂದು ಅಂಟಿದಂತೆ ಕಂಡರೂ ಅವು ಅಂಟಿರುವುದಿಲ್ಲ, ಇದೂ ಹಾಗೆಯೇ.

ಶನಿಗ್ರಹವು ಈ ಮಾಳಿಗೆಯನ್ನು ಒಮ್ಮೆ ಸುತ್ತಲು ಆಕಾಶದಲ್ಲಿರುವಂತೆಯೇ 29 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಯಂತ್ರವು ಮುಗಿದ ವರ್ಷವೇ, 1781ರ ಮಾರ್ಚ್ 13ರಂದು, ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದನು. ಅದನ್ನು ಸೇರಿಸಬೇಕಾದರೆ ಅದೇ ಅಳತೆಯಲ್ಲಿ 5.7 ಮೀಟರಿಗೂ ಮಿಕ್ಕಿದ ಅಗಲದ ಮಾಳಿಗೆ ಬೇಕಾಗುತ್ತಿತ್ತು. ಆದುದರಿಂದ ಐಸಿಂಗನ ಸೌರವ್ಯೂಹವು ಶನಿಯಲ್ಲಿಯೇ ಮುಗಿಯುತ್ತದೆ. ಅಧಿಕವರ್ಷದ ಫೆಬ್ರವರಿ 29ಕ್ಕೂ ಅಲ್ಲಿ ಸ್ಥಾನವಿಲ್ಲ. ಆ ಒಂದು ದಿನವನ್ನು ಕೈಯಿಂದ ಸರಿಪಡಿಸಬೇಕು. ವರ್ಷಗಳನ್ನು ಬರೆದ ಹಲಗೆಯನ್ನು 22 ವರ್ಷಗಳಿಗೊಮ್ಮೆ ಬದಲಿಸಬೇಕು.

ಲೋಲಕದ ವಿಷಯವಾಗಿ ಒಂದು ಕಥೆ ಪ್ರಚಲಿತವಾಗಿದೆ. ಉದ್ದನೆಯ ಲೋಲಕವು ಗೋಡೆಯೊಳಗಿನ ಮಂಚದ ಮೇಲೆ ತೂಗಬೇಕಾಗಿದ್ದಿತಂತೆ. ಮನೆಯೊಡತಿ ಅದಕ್ಕೆ ಒಪ್ಪಲಿಲ್ಲವಂತೆ. ಲೋಲಕವನ್ನು ಗಿಡ್ಡ ಮಾಡಿದರೆ ಅದು ಬೇಗ ಬೇಗ ತೂಗುತ್ತದೆ. ಉದ್ದವು ಕಾಲು ಭಾಗವಾದರೆ ತೂಗುವ ಕಾಲ ಅರ್ಧವಾಗುತ್ತದೆ. ಹೀಗಾಗಿ ಪಾಪ, ಐಸಿಂಗನು ಲೆಕ್ಕವನ್ನು ಮತ್ತೆ ಮಾಡಬೇಕಾಯಿತು! ಕಥೆ ಹೇಗೇ ಇರಲಿ, ಯಂತ್ರ ಇಂದಿಗೂ ನಡೆಯುತ್ತಿದೆ. ಇಂದು ನಡೆಯುತ್ತಿರುವ ಇಂಥ ಗ್ರಹಯಂತ್ರಗಳಲ್ಲಿ ಇದೇ ಅತ್ಯಂತ ಹಳೆಯದು. 2023ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೊಳೆಯ ಚೀಸು, ಸಕ್ಕರೆಯ ಬ್ರೆಡ್ಡು

ಮಾಳಿಗೆಯ ಮೊಳೆಗಳನ್ನು ನೋಡಿ ಹೊರಬಂದವರಿಗೆ ಪೇಟೆಯಲ್ಲಿ ಇನ್ನೊಂದು ಬಗೆಯ ಮೊಳೆ ಸಿಗುತ್ತದೆ. ಡಚ್ಚರು ಲವಂಗವನ್ನು ಕರೆಯುವುದು ‘ಮೊಳೆ’ ಎಂಬರ್ಥದ ಮಾತಿನಿಂದಲೇ. ಒಣಗಿದ ಲವಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಆ ಹೆಸರು ತಕ್ಕುದೆನಿಸುತ್ತದೆ. ಫ್ರೀಸ್‌ಲ್ಯಾಂಡಿನ ‘ನಾಗಲ್‌ಕಾಸ್’ ಎಂದರೆ ಲವಂಗವನ್ನೂ ಜೀರಿಗೆಯನ್ನೂ ಬೆರೆಸಿದ ಗಟ್ಟಿಯಾದ ಚೀಸು. ಹಿಂದೆ ಹಾಲಿನ ಬೆಣ್ಣೆಯನ್ನು ಮಾರಾಟಕ್ಕೆಂದು ತೆಗೆದು, ಉಳಿದ ಹಾಲಿನಿಂದ ಈ ಚೀಸನ್ನು ಮಾಡುತ್ತಿದ್ದರು. ಕೊಬ್ಬು ಕಡಮೆಯಾದ ಚೀಸಿಗೆ ರುಚಿ ಕೊಡಲು ಸಂಬಾರ ಬೇಕಷ್ಟೆ. ಆ ಲವಂಗವು ಮಲುಕ್ಕು ದ್ವೀಪಗಳಿಂದ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಬಂದಿತು. ನಮ್ಮ ಅಡಿಗೆಮನೆಯ ಜೀರಿಗೆ ಲವಂಗಗಳ ವಾಸನೆ ಅಷ್ಟು ದೂರದ ಚೀಸಿನಲ್ಲಿ ಸಿಗುವುದು ಹೀಗೆ. ಇನ್ನೊಂದು ನಂಟೂ ಉಂಟು. ನಮ್ಮ ಹಾಲಿನ ಸಹಕಾರ ಸಂಘಗಳ ಹಳ್ಳಿಗಳಲ್ಲಿ ‘ಎಚ್. ಎಫ್.’ ಎಂದು ಕರೆಯುವ ಕಪ್ಪು ಬಿಳುಪಿನ ಹಸುವಿನ ಪೂರ್ಣನಾಮ ಹೋಲ್‌ಸ್ಟೀನ್ ಫ್ರೀಸಿಯನ್. ಫ್ರೀಸಿಯನ್ ಎಂದರೆ ಈ ಫ್ರೀಸ್‌ಲ್ಯಾಂಡಿನದೇ.

ಇಲ್ಲಿಯ ಸಕ್ಕರೆಬ್ರೆಡ್ಡಿನಲ್ಲಿಯೂ ಒಂದು ಪಾಠವಿದೆ. ದಾಲ್ಚಿನ್ನಿಯ ಪರಿಮಳದ ಈ ಬ್ರೆಡ್ಡಿಗೆ ಸಕ್ಕರೆಯನ್ನು ಪುಡಿಯಾಗಿ ಹಾಕುವುದಿಲ್ಲ, ಹರಳುಂಡೆಗಳಾಗಿ ಹಾಕುತ್ತಾರೆ. ಅಷ್ಟು ಸಕ್ಕರೆ ಹಿಟ್ಟಿನ ನೀರಿನಲ್ಲಿ ಕರಗಿದರೆ ಅಭಿಸರಣದಿಂದ ಯೀಸ್ಟಿನ ಜೀವಕೋಶಗಳ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಯೀಸ್ಟು ಸೊರಗುತ್ತದೆ, ಹಿಟ್ಟು ಉಬ್ಬುವುದಿಲ್ಲ. ಉಂಡೆಗಳಾದರೆ ನಿಧಾನವಾಗಿ ಕರಗುವುದರಿಂದ ಯೀಸ್ಟಿಗೆ ಬಾಧೆ ಕಡಮೆ. ಒಲೆಯಲ್ಲಿ ಬ್ರೆಡ್ಡಿನ ಹೊರಮೈ ಎಷ್ಟೇ ಕಾದರೂ ನೀರಿರುವವರೆಗೆ ಒಳಭಾಗವು ಸುಮಾರು 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದಿಲ್ಲ. ಸಕ್ಕರೆ ಕರಗಿ ದ್ರವವಾಗಲು ಅಷ್ಟು ಶಾಖ ಸಾಲದು. ಸುತ್ತಲಿನ ತೇವದಲ್ಲಿ ಅದು ಅರ್ಧಂಬರ್ಧ ಕರಗಿ, ಅಲ್ಲಲ್ಲಿ ಪಾಕದ ಗೂಡುಗಳಾಗಿ ನಿಲ್ಲುತ್ತದೆ.

ನೆಲವೂ ಹೌದು, ಕಡಲೂ ಹೌದು

ಫ್ರಾನೆಕರಿನಿಂದ ಪಶ್ಚಿಮಕ್ಕೆ ಹೋದರೆ ಹಾರ್ಲಿಂಗೆನ್ ಬಂದರು. ಅದರಾಚೆ ವಾಡೆನ್ ಸಮುದ್ರ. 2009ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಆಳವಿಲ್ಲದ ಕಡಲು, ಇಳಿತದ ಸಮಯದಲ್ಲಿ ಮೈಲಿಗಟ್ಟಲೆ ಕೆಸರುಬಯಲಾಗುತ್ತದೆ. ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬರ ಬರುತ್ತದೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನು ತನ್ನ ಪಥದಲ್ಲಿ ಸ್ವಲ್ಪ ಮುಂದೆ ಹೋಗಿರುವುದರಿಂದ ಉಬ್ಬರವು ದಿನದಿನಕ್ಕೂ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಹೆಚ್ಚಿನ ಉಬ್ಬರವೂ ಈ ತೀರದಲ್ಲಿ ಅದೇ ದಿನ ಬಾರದೆ ಎರಡು ದಿನ ಕಳೆದು ಬರುತ್ತದೆ.

ಗ್ರಹಕೂಟದ ಭಯಕ್ಕೆ ಉತ್ತರವೂ ಇಲ್ಲಿಯೇ ಇದೆ. ಉಬ್ಬರವನ್ನು ಎಬ್ಬಿಸುವ ಬಲವು ಕಾಯದ ದ್ರವ್ಯರಾಶಿಗೆ ಅನುಗುಣವಾಗಿ ಹೆಚ್ಚುತ್ತದೆ. ಆದರೆ ದೂರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಶುಕ್ರವು ಚಂದ್ರನಿಗಿಂತ 66 ಪಾಲು ಭಾರವಾದುದು. ಆದರೆ ಅತ್ಯಂತ ಸಮೀಪ ಬಂದಾಗಲೂ ಅದು ಚಂದ್ರನಿಗಿಂತ ನೂರು ಪಾಲಿಗೂ ಹೆಚ್ಚು ದೂರದಲ್ಲಿರುತ್ತದೆ. ಗುಣಿಸಿ ಭಾಗಿಸಿ ನೋಡಿದರೆ ಅದರ ಬಲ ಚಂದ್ರನ ಬಲದ ಸುಮಾರು 20,000ದಲ್ಲಿ ಒಂದು ಪಾಲು. ದೈತ್ಯನಾದ ಗುರುವಿನದು ಇನ್ನೂ ಕಡಮೆ. ನಮ್ಮ ಕಡಲನ್ನು ದಿನವೂ ಎತ್ತಿಳಿಸುವ ಚಂದ್ರನ ಮುಂದೆ ಎಲ್ಲ ಗ್ರಹಗಳೂ ಒಟ್ಟುಗೂಡಿದರೂ ಲೆಕ್ಕಕ್ಕಿಲ್ಲ.

ಇಳಿತದ ವೇಳೆ ಈ ಕೆಸರುಬಯಲನ್ನು ಕಾಲ್ನಡಿಗೆಯಲ್ಲಿ ದಾಟಿ ದ್ವೀಪ ಸೇರುವುದು ಇಲ್ಲಿಯ ಒಂದು ವಿಶೇಷ. ವೇಳೆಯನ್ನೂ ಹೊಳೆಯಂಥ ಕಾಲುವೆಗಳ ಜಾಡನ್ನೂ ಬಲ್ಲ ಮಾರ್ಗದರ್ಶಿಯಿಲ್ಲದೆ ಹೊರಡುವುದು ಪ್ರಾಣಕ್ಕೆ ಅಪಾಯ. ಬಯಲಿನ ಅಂಚಿನಲ್ಲಿ ಬೆಳೆಯುವ ಒಂದು ಉಪ್ಪುಗಿಡವನ್ನು ಜನರು ತರಕಾರಿಯಂತೆ ತಿನ್ನುತ್ತಾರೆ. ಅದು ತನ್ನ ಜೀವಕೋಶಗಳಲ್ಲಿ ಉಪ್ಪನ್ನು ಕೂಡಿಟ್ಟುಕೊಂಡು, ಅದೇ ಅಭಿಸರಣದ ಬಲದಿಂದ ಉಪ್ಪುನೆಲದ ನೀರನ್ನು ಹೀರುತ್ತದೆ. ಯೀಸ್ಟನ್ನು ಸೊರಗಿಸುವ ಬಲವೇ ಈ ಗಿಡವನ್ನು ಬದುಕಿಸುತ್ತದೆ! ಇಲ್ಲಿಯ ಬೂದುಬಣ್ಣದ ಸಣ್ಣ ಸಿಗಡಿಯನ್ನು ಹಿಡಿದೊಡನೆ ದೋಣಿಯಲ್ಲಿಯೇ ಕಡಲನೀರಿನಲ್ಲಿ ಬೇಯಿಸುತ್ತಾರೆ.

ಒಡ್ಡುಗಳಿಲ್ಲದ ಕಾಲದಲ್ಲಿ ಜನರು ಮಣ್ಣು, ಗೊಬ್ಬರ, ಕಸಗಳನ್ನು ಪೇರಿಸಿ ದಿಬ್ಬಗಳನ್ನು ಕಟ್ಟಿ ಅವುಗಳ ಮೇಲೆ ವಾಸಿಸುತ್ತಿದ್ದರು. ಉತ್ತರ ಸಮುದ್ರದ ಅಂಚಿನ ಇಂಥ ದಿಬ್ಬವಾಸಿಗಳನ್ನು ಕುರಿತು ಒಂದನೆಯ ಶತಮಾನದಲ್ಲಿಯೇ ರೋಮಿನ ಪ್ಲಿನಿ ಬರೆದಿದ್ದಾನೆ. ಹೊಗೆಬೈಂಟಮ್ ಎಂಬಲ್ಲಿ ಸಮುದ್ರಮಟ್ಟದಿಂದ ಸುಮಾರು 9 ಮೀಟರ್ ಎತ್ತರದ ದಿಬ್ಬವನ್ನು, ಅದರ ಮೇಲಿನ ಇಗರ್ಜಿಯನ್ನು ಇಂದಿಗೂ ನೋಡಬಹುದು. ಒಡ್ಡುಗಳು ಬಂದ ಮೇಲೆ ದಿಬ್ಬಗಳು ಬೇಡವಾದುವು. ಫಲವತ್ತಾದ ಆ ಮಣ್ಣನ್ನು ಅಗೆದು ಹೊಲಗಳಿಗೆ ಗೊಬ್ಬರವಾಗಿ ಮಾರಿದರು.

ಲೊರೆಂಟ್ಸರ ಎಂಟು ವರ್ಷಗಳು

ಹಾರ್ಲಿಂಗೆನ್ನಿನ ದಕ್ಷಿಣಕ್ಕೆ 32 ಕಿಲೋಮೀಟರ್ ಉದ್ದದ ಆಫ್‌ಸ್ಲೈಟ್‌ಡೈಕ್ ಎಂಬ ಮಹಾ ಒಡ್ಡು ಕಡಲಿಗೆ ಅಡ್ಡವಾಗಿ ಚಾಚಿದೆ. ದೇಶದ ಒಳಕ್ಕೆ ನುಗ್ಗಿದ್ದ ಜೈಡರ್‌ಜೇ ಎಂಬ ಕಡಲ ಕೊಲ್ಲಿಯನ್ನು ಮುಚ್ಚಬೇಕೆಂಬ ಯೋಜನೆಗೆ 1916ರ ಜನವರಿಯ ಪ್ರವಾಹವು ಒತ್ತು ಕೊಟ್ಟಿತು. ಆದರೆ ಒಂದು ಸಂಶಯ ಎದ್ದಿತು. ಕೊಲ್ಲಿಯ ಒಳಗೆ ಹರಿದು ಹರಡುತ್ತಿದ್ದ ಉಬ್ಬರದ ಅಲೆಗೆ ಗೋಡೆ ಅಡ್ಡ ಬಂದರೆ ಅದು ಹಿಮ್ಮರಳಿ, ಹೊರಗಿನ ತೀರದಲ್ಲಿ ನೀರು ಇನ್ನಷ್ಟು ಏರುವುದಲ್ಲವೆ? ಏರುವುದಾದರೆ ಎಷ್ಟು? ಫ್ರೀಸ್‌ಲ್ಯಾಂಡಿನ ಒಡ್ಡುಗಳು ಎಷ್ಟು ಎತ್ತರವಿರಬೇಕು? ತಪ್ಪಿದ ಲೆಕ್ಕಕ್ಕೆ ಇಲ್ಲಿ ಊರುಗಳೇ ಬೆಲೆ ತೆರಬೇಕಾಗಿದ್ದಿತು.

1918ರಲ್ಲಿ ಈ ಪ್ರಶ್ನೆಯನ್ನು ಒಂದು ಸಮಿತಿಗೆ ಒಪ್ಪಿಸಿದರು. ಅದರ ಅಧ್ಯಕ್ಷರು 1902ರ ನೊಬೆಲ್ ಪಾರಿತೋಷಕವನ್ನು ಜೇಮನ್ನರೊಡನೆ ಹಂಚಿಕೊಂಡಿದ್ದ ಭೌತವಿಜ್ಞಾನಿ ಎಚ್. ಎ. ಲೊರೆಂಟ್ಸ್. ಸಾಪೇಕ್ಷವಾದದ ಪಾಠದಲ್ಲಿ ನಾವು ಹೆಸರು ಕೇಳುವ ಲೊರೆಂಟ್ಸರೇ ಇವರು. ಕಡಲಿನ ತಳದ ಘರ್ಷಣೆಯು ನೀರಿನ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಸಮೀಕರಣಗಳು ಸುಲಭವಾಗಿ ಬಿಡಿಸಲು ಬರುತ್ತಿರಲಿಲ್ಲ. ಒಂದು ಉಬ್ಬರವಿಳಿತದ ಅವಧಿಯಲ್ಲಿ ಅಷ್ಟೇ ಶಕ್ತಿಯನ್ನು ನುಂಗುವಂಥ, ವೇಗಕ್ಕೆ ನೇರ ಅನುಪಾತದಲ್ಲಿರುವ ಘರ್ಷಣೆಯನ್ನು ಅದರ ಬದಲಿಗೆ ಇಟ್ಟು ಲೊರೆಂಟ್ಸರು ತೊಡಕನ್ನು ಬಿಡಿಸಿದರು. ಕಡಲನ್ನು ಕಾಲುವೆಗಳ ಬಲೆಯಂತೆ ಭಾಗಿಸಿ, ಕೈಯಿಂದಲೇ ಲೆಕ್ಕ ಹಾಕಿ, 1926ರಲ್ಲಿ ವರದಿ ಒಪ್ಪಿಸಿದರು. 1928ರಲ್ಲಿ ತೀರಿಕೊಂಡರು. 1932ರ ಮೇ 28ರಂದು ಒಡ್ಡಿನ ಕೊನೆಯ ಕಂಡಿ ಮುಚ್ಚಿತು. ಹಾರ್ಲಿಂಗೆನ್ನಿನಲ್ಲಿ ಉಬ್ಬರ ಹೆಚ್ಚಿತು. ಹೆಚ್ಚಿದುದು ಬಹುಮಟ್ಟಿಗೆ ಲೆಕ್ಕದಂತೆಯೇ. ಒಡ್ಡಿನಲ್ಲಿರುವ ಒಂದು ಜಲದ್ವಾರ ಇಂದು ಲೊರೆಂಟ್ಸರ ಹೆಸರನ್ನು ಹೊತ್ತಿದೆ.

ಆದರೆ ಆ ಗೆಲುವಿಗೂ ಬೆಲೆಯಿದ್ದಿತು. ಒಡ್ಡಿನ ಒಳಗಿನ ನೀರು ಕೆಲವೇ ವರ್ಷಗಳಲ್ಲಿ ಸಿಹಿಯಾಗಿ ಐಸಲ್‌ಮೇರ್ ಸರೋವರವಾಯಿತು. ಜೈಡರ್‌ಜೇಯ ಹೆರಿಂಗ್ ಮತ್ತು ಆಂಚೊವಿ ಮೀನುಗಳು ಅಲ್ಲಿಂದ ಮರೆಯಾದುವು. ತಲೆಮಾರುಗಳಿಂದ ಅವನ್ನೇ ನಂಬಿದ್ದ ಬೆಸ್ತರ ಕಸುಬು ಹೋಯಿತು. ಅವರ ನೆರವಿಗೆಂದು 1925ರಲ್ಲಿಯೇ ಒಂದು ಕಾನೂನು ಮಾಡಬೇಕಾಗಿದ್ದಿತು. ನೀರಿನ ಎತ್ತರವನ್ನು ಲೆಕ್ಕ ಹಾಕಿದಂತೆ ಒಂದು ಊರಿನ ಊಟವನ್ನೂ ಬಾಳನ್ನೂ ಲೆಕ್ಕ ಹಾಕುವುದು ಸುಲಭವಲ್ಲ.

ವಾಡೆನ್ ಸಮುದ್ರದ ಮುಂದೆ ಇಂದು ಮತ್ತೊಂದು ಪ್ರಶ್ನೆ ಇದೆ. ಭೂಮಿ ಬಿಸಿಯಾಗಿ ಕಡಲಿನ ಮಟ್ಟ ಏರುತ್ತಿದೆ. ಉಬ್ಬರವು ಹೊತ್ತು ತರುವ ಮರಳೂ ಮೆಕ್ಕಲೂ ಅದೇ ವೇಗದಲ್ಲಿ ಬಯಲಿನ ಮೇಲೆ ನಿಂತರೆ ಬಯಲು ಉಳಿಯುತ್ತದೆ. ಹಿಂದೆ ಬಿದ್ದರೆ ಅದು ಮುಳುಗುತ್ತದೆ. ಸಿಗಡಿ, ಉಪ್ಪುಗಿಡ, ಹಕ್ಕಿಗಳು, ಕಾಲ್ನಡಿಗೆಯ ದಾರಿ ಎಲ್ಲವೂ ಈ ಒಂದು ಲೆಕ್ಕವನ್ನು ಅವಲಂಬಿಸಿವೆ. ಮಾಳಿಗೆಯ ಶನಿಯು ಸೂರ್ಯನನ್ನು ಇನ್ನೆರಡು ಸುತ್ತು ಬರುವಷ್ಟರಲ್ಲಿ ಉತ್ತರ ತಿಳಿದಿರುತ್ತದೆ. ಅದನ್ನು ಮುಂಚಿತವಾಗಿ ಕಂಡುಕೊಳ್ಳುವ ಕೆಲಸ ಇಂದಿನ ವಿದ್ಯಾರ್ಥಿಗಳ ಪಾಲಿಗಿದೆ.