ಮಹಿಳಾ ಗಾಯನ ಬಳಗ: ಆರಂಭಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ನಮ್ಮ ಕರಾವಳಿಯ ಚರ್ಚುಗಳಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಕ್ರೈಸ್ತ ಶಿಕ್ಷಣದ ತರಗತಿಯಲ್ಲಿದ್ದಾಗಲೇ ಗಾಯನ ಮಂಡಳಿ ಸೇರಿ, ಕಾಲೇಜು ಮುಗಿಯುವ ತನಕ ಹಾಡಿದವರು ಪ್ರತಿ ವಾಳೆಯಲ್ಲೂ ಸಿಗುತ್ತಾರೆ. ಆದರೆ ಮದುವೆಯಾಗಿ ಗಂಡನ ಊರಿನ ಚರ್ಚಿಗೆ ಬಂದ ಮೇಲೆ ಇವರಲ್ಲಿ ಹಲವರ ಹಾಡು ನಿಂತುಹೋಗುತ್ತದೆ. ಹೊಸ ಊರಿನಲ್ಲಿ ಕರೆಯುವವರಿಲ್ಲ, ತಾವಾಗಿ ಹೋಗಿ ಸೇರಲು ಸಂಕೋಚ. ಮಕ್ಕಳು ದೊಡ್ಡವರಾಗುವಷ್ಟರಲ್ಲಿ ‘ನನ್ನ ಸ್ವರ ಹೋಯಿತು’ ಎಂದು ಅವರೇ ತೀರ್ಮಾನಿಸಿರುತ್ತಾರೆ. ಸ್ವರ ಹೋಗಿರುವುದಿಲ್ಲ, ಹಾಡುವ ಅವಕಾಶ ಹೋಗಿರುತ್ತದೆ. ಆ ಅವಕಾಶವನ್ನು ಮರಳಿ ಕೊಡುವುದೇ ಮಹಿಳಾ ಗಾಯನ ಬಳಗದ ಮೊದಲ ಉದ್ದೇಶ.

ಧರ್ಮಸಭೆಯ ನಿಲುವು

‘ಹೆಂಗಸರದ್ದೇ ಗುಂಪು ಯಾಕೆ?’ ಎಂದು ಕೇಳುವವರು ಇರಬಹುದು. 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಹೊರಡಿಸಿದ ಆದೇಶದಲ್ಲಿ ಚರ್ಚಿನ ಗಾಯನ ಮಂಡಳಿಗೆ ಸ್ತ್ರೀಯರನ್ನು ಸೇರಿಸುವಂತಿರಲಿಲ್ಲ. ಎತ್ತರದ ಸ್ವರ ಬೇಕಾದರೆ ಬಾಲಕರಿಂದ ಹಾಡಿಸಬೇಕಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ, 1967ರಲ್ಲಿ ಹೊರಬಂದ ಪವಿತ್ರ ಸಂಗೀತದ ಮಾರ್ಗಸೂಚಿಯು ಸ್ತ್ರೀಪುರುಷರು ಸೇರಿದ ಮಂಡಳಿ ಇರಬಹುದು, ಸಂದರ್ಭ ಬಯಸಿದಲ್ಲಿ ಸ್ತ್ರೀಯರದ್ದೇ ಮಂಡಳಿಯೂ ಇರಬಹುದು ಎಂದು ಸ್ಪಷ್ಟವಾಗಿ ತಿಳಿಸಿತು. ಆದುದರಿಂದ ಈ ವಿಷಯದಲ್ಲಿ ಹಿಂಜರಿಯಬೇಕಾಗಿಲ್ಲ.

ಮೊದಲ ಹೆಜ್ಜೆ

ಧರ್ಮಗುರುಗಳ ಒಪ್ಪಿಗೆ ಪಡೆಯುವುದರ ಜೊತೆಗೆ, ಈಗಿರುವ ಗಾಯನ ಮಂಡಳಿಯ ಮುಖ್ಯಸ್ಥರೊಂದಿಗೂ ಮಾತನಾಡಬೇಕು. ಇದು ಪೈಪೋಟಿಯ ಗುಂಪಲ್ಲ ಎಂದು ಅವರಿಗೆ ಮೊದಲೇ ತಿಳಿದರೆ ಮುಂದೆ ಮನಸ್ತಾಪಕ್ಕೆ ಎಡೆಯಿರದು. ತಿಂಗಳಿಗೆ ಒಂದು ಭಾನುವಾರದ ಬಲಿಪೂಜೆಯ ಜವಾಬ್ದಾರಿ ಕೇಳಿಕೊಂಡರೆ ಆರಂಭಕ್ಕೆ ಸಾಕು.

ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದಿಸಿದ ಮಾತ್ರಕ್ಕೆ ಜನ ಬರುವುದಿಲ್ಲ. ಸ್ತ್ರೀ ಸಂಘಟನೆಯ ಸಭೆಯಲ್ಲಿ, ವಾಳೆಯ ಕೂಟದಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಗುರಿಕಾರರಿಗೆ ಯಾರ ಮನೆಯ ಸೊಸೆ ಹಾಡುತ್ತಿದ್ದಳು ಎಂಬುದು ಗೊತ್ತಿರುತ್ತದೆ. ಎಂಟು ಹತ್ತು ಮಂದಿ ಸೇರಿದರೆ ಬಳಗ ಆರಂಭಿಸಬಹುದು.

ಸಮಯವೇ ದೊಡ್ಡ ಪ್ರಶ್ನೆ

ಇಂತಹ ಬಳಗಗಳು ನಿಲ್ಲುವುದು ಸ್ವರದ ಕೊರತೆಯಿಂದಲ್ಲ, ಸಮಯ ಹೊಂದದೆ. ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಕಟ್ಟೆಗೆ ತಲುಪಿಸುವ ತನಕ ಬಿಡುವಿಲ್ಲ. ಬೀಡಿ ಕಟ್ಟುವವರಿಗೆ ಬ್ರಾಂಚಿಗೆ ಹೋಗುವ ದಿನ ಬೇರೆ ಕೆಲಸ ಆಗದು. ಕೆಲಸಕ್ಕೆ ಹೋಗುವವರಿಗೆ ಸಂಜೆಯ ಬಸ್ಸಿನ ಚಿಂತೆ. ಆದುದರಿಂದ ಅಭ್ಯಾಸದ ದಿನವನ್ನು ಸದಸ್ಯೆಯರೇ ನಿರ್ಧರಿಸಲಿ. ಭಾನುವಾರ ಪೂಜೆಯ ನಂತರ ಒಂದು ಗಂಟೆ ಹಲವರಿಗೆ ಅನುಕೂಲ. ಹೇಳಿದ ಹೊತ್ತಿಗೆ ಆರಂಭಿಸಿ, ಹೇಳಿದ ಹೊತ್ತಿಗೆ ಮುಗಿಸಿದರೆ ಮನೆಯವರ ವಿಶ್ವಾಸವೂ ಉಳಿಯುತ್ತದೆ. ಚಿಕ್ಕ ಮಕ್ಕಳನ್ನು ಕರೆತರಲು ಅವಕಾಶ ಇರಲೇಬೇಕು.

ಶ್ರುತಿ ಮತ್ತು ಹಾಡು

ಗಂಡಸರಿಗೆ ಹೊಂದುವ ಶ್ರುತಿಯಲ್ಲೇ ಹಾಡಿಸಿದರೆ ಸ್ತ್ರೀಯರಿಗೆ ಕೆಲವು ಸಾಲು ತೀರಾ ಕೆಳಗಾಗುತ್ತದೆ, ಕೆಲವು ಗಂಟಲು ಬಿಗಿಯುವಷ್ಟು ಮೇಲಾಗುತ್ತದೆ. ಕೀಬೋರ್ಡಿನ ಮಧ್ಯದ ಸಿ ಸ್ವರಕ್ಕಿಂತ ಕೆಳಗಿನ ಎ ಸ್ವರದಿಂದ ಅದರ ಮೇಲಿನ ಸ್ಥಾಯಿಯ ಡಿ ತನಕ ಸಾಮಾನ್ಯವಾಗಿ ಎಲ್ಲರೂ ಹಾಡಬಲ್ಲರು. ಹಾಡು ಆ ಮಿತಿಯೊಳಗೆ ಬರುವಂತೆ ಶ್ರುತಿ ಬದಲಿಸಿಕೊಳ್ಳಿ. ಮೊದಲ ಮೂರು ತಿಂಗಳು ಎಲ್ಲರೂ ಒಂದೇ ಸ್ವರದಲ್ಲಿ ಹಾಡಲಿ, ಎರಡನೆಯ ಸ್ವರ ಆಮೇಲೆ ಕಲಿಯಬಹುದು. ಜನರಿಗೆ ಗೊತ್ತಿರುವ ನಾಲ್ಕು ಗೀತೆಗಳನ್ನು ಚೆನ್ನಾಗಿ ಹಾಡಿದರೆ ಇಡೀ ಸಭೆ ದನಿಗೂಡಿಸುತ್ತದೆ.

ಅಜ್ಜಿಯಂದಿರ ವೊವಿಯೊ

ಈ ಬಳಗದಿಂದ ಆಗಬೇಕಾದ ಇನ್ನೊಂದು ತುರ್ತು ಕೆಲಸವಿದೆ. ಮದುವೆಯ ಮುನ್ನಾದಿನ ರೋಸ್ ಹೊತ್ತಿಗೆ ಹಿರಿಯ ಸ್ತ್ರೀಯೊಬ್ಬರು ವೊವಿಯೊ ಎತ್ತಿಕೊಟ್ಟು ಉಳಿದವರು ದನಿಗೂಡಿಸುವ ಪದ್ಧತಿ ನಮ್ಮಲ್ಲಿದೆ. ಹಲವೆಡೆ ಈಗ ಧ್ವನಿವರ್ಧಕದ ಹಾಡುಗಳೇ ಆ ಸ್ಥಳ ಹಿಡಿದಿವೆ. ವೊವಿಯೊ ಬಲ್ಲ ಅಜ್ಜಿಯಂದಿರ ಮನೆಗೆ ಹೋಗಿ, ಮೊಬೈಲಿನಲ್ಲಿ ಧ್ವನಿ ಹಿಡಿದು, ಪುಸ್ತಕದಲ್ಲಿ ಬರೆದಿಟ್ಟು, ಅವರೆದುರಲ್ಲೇ ಕಲಿಯುವುದು ಬಳಗಕ್ಕೆ ಸಾಧ್ಯ. ಅವರೊಂದಿಗೆ ಆ ಹಾಡುಗಳು ಹೋದರೆ ಯಾವ ಮುದ್ರಿತ ಪುಸ್ತಕದಿಂದಲೂ ಆ ಧಾಟಿ ಮರಳಿ ಸಿಗದು.

ತಾಳಕ್ಕೆ ಗುಮಟೆ ಇದ್ದರೆ ಒಳ್ಳೆಯದು. ಹಿಂದೆ ಅದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ ಈಗ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ ಪ್ರಾಣಿಯಾಗಿರುವುದರಿಂದ ಆಡಿನ ಚರ್ಮದ್ದನ್ನೇ ಕೊಳ್ಳಬೇಕು. ಗುಮಟೆ ಬಾರಿಸುವುದನ್ನು ಸ್ತ್ರೀಯರೂ ಕಲಿಯಲಿ.

ಖರ್ಚು ಹೆಚ್ಚಿಲ್ಲ. ಸ್ವಸಹಾಯ ಸಂಘದಂತೆ ತಿಂಗಳಿಗೆ ಸಣ್ಣ ವಂತಿಗೆ, ಲೆಕ್ಕಕ್ಕೆ ಒಂದು ಪುಸ್ತಕ ಇದ್ದರೆ ಸಾಕು. ಮುಖ್ಯಸ್ಥೆಯ ಹೊಣೆ ಎರಡು ವರ್ಷಕ್ಕೊಮ್ಮೆ ಬದಲಾಗಲಿ, ಬಳಗ ಒಬ್ಬರ ಸ್ವತ್ತಾಗದಿರಲಿ.

ಈ ಸಲದ ಮೊಂತಿ ಹಬ್ಬದ ನೊವೆನಾದ ಒಂದು ದಿನವನ್ನು ಗುರಿಯಾಗಿಟ್ಟುಕೊಂಡು ಅಭ್ಯಾಸ ಆರಂಭಿಸಬಹುದು. ನಿಮ್ಮ ವಾಳೆಯಲ್ಲಿ ಹಾಡು ನಿಲ್ಲಿಸಿದ ಸ್ತ್ರೀಯರು ಯಾರಿದ್ದಾರೆಂದು ವಿಚಾರಿಸಿ, ಈ ವಾರವೇ ಅವರ ಮನೆಗೆ ಹೋಗಿ ಕರೆಯಿರಿ.