ಹಾಫ್ ಕ್ಲಚ್‌ನ ಲೆಕ್ಕ: ಯಾವಾಗ ಬದಲಿಸಬೇಕು, ಯಾವಾಗ ಅಪ್‌ಗ್ರೇಡ್ ಬೇಕು?

ಇವತ್ತಿನ ವಿಷಯ ನಮ್ಮ ತಂಡದೊಳಗೇ ಹುಟ್ಟಿದ್ದು. ಇಂಗ್ಲೆಂಡಿನ ಶೆಫೀಲ್ಡ್ ಅಂದ್ರೆ ಏರು-ಇಳಿಜಾರಿನ ಊರು. ಅಲ್ಲಿರುವ ನಮ್ಮ ಗೆಳತಿ ರಾತ್ರಿ ಪಾಳಿಗೆ ಹೋಗೋದು ಹಳೇ ಮ್ಯಾನುಯಲ್ ಕಾರಲ್ಲಿ. ಒಂದು ಸಂಜೆ ಏರು ಹತ್ತುವಾಗ ಸುಟ್ಟ ವಾಸನೆ ಬಂತು. ಗ್ಯಾರೇಜಿನವರು "ಕ್ಲಚ್ ಹೋಗಿದೆ, ಹಾಕಿಸೋದಾದ್ರೆ ಇನ್ನೂ ಗಟ್ಟಿ ಇರೋ ಅಪ್‌ಗ್ರೇಡ್ ಕಿಟ್ ಹಾಕಿಸಿ" ಅಂದರು. ಹೇಳಿದ ಮೊತ್ತ ಕಾರಿನ ಬೆಲೆಯ ಅರ್ಧಕ್ಕೂ ಹೆಚ್ಚು. ಹಾಕಿಸೋದಾ, ಕಾರನ್ನೇ ಮಾರೋದಾ? ಎಲ್ಲರೂ ಕೂತು ಲೆಕ್ಕ ಹಾಕಿದೆವು.

ಮೊದಲು ಕ್ಲಚ್ ಏನು ಮಾಡುತ್ತೆ ನೋಡೋಣ. ಎಂಜಿನ್ ತಿರುಗುತ್ತಲೇ ಇರಬೇಕು, ಆದರೆ ಚಕ್ರ ನಿಂತಿದೆ. ಇವೆರಡರ ನಡುವೆ ಒಂದು ಘರ್ಷಣೆಯ ತಟ್ಟೆ. ಅದನ್ನು ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ಎರಡೂ ಕಡೆಯಿಂದ ಒತ್ತಿ ಹಿಡಿದಿರುತ್ತವೆ. ಪೆಡಲ್ ಒತ್ತಿದರೆ ಹಿಡಿತ ಸಡಿಲ, ಬಿಟ್ಟರೆ ಬಿಗಿ. ನಡುವಿನ ಜಾರುವ ಹಂತವೇ ನಮ್ಮೂರಿನ 'ಹಾಫ್ ಕ್ಲಚ್'. ಸವೆತವೆಲ್ಲ ಆಗೋದು ಅಲ್ಲೇ.

ಸಮತಟ್ಟು ರಸ್ತೆಯಲ್ಲಿ ಎಂಜಿನ್ ಒಂದೇ ವೇಗದಲ್ಲಿದ್ದು ಕಾರು ಹೊರಟರೆ, ಕಾರಿಗೆ ಸಿಗುವಷ್ಟೇ ಚಲನಶಕ್ತಿ ಕ್ಲಚ್‌ನಲ್ಲಿ ಶಾಖವಾಗಿಯೂ ಹೋಗುತ್ತೆ. 1,200 ಕಿಲೋ ಕಾರು ಸೆಕೆಂಡಿಗೆ 3 ಮೀಟರ್ ವೇಗ ಮುಟ್ಟಿದರೆ ಅದು ಸುಮಾರು 5,400 ಜೂಲ್. ಒಂದು ದೊಡ್ಡ ಚಮಚ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಇಷ್ಟು ಶಾಖವನ್ನು ಕ್ಲಚ್ ಸಲೀಸಾಗಿ ತಡೆಯುತ್ತೆ.

ಈಗ ಹತ್ತಕ್ಕೆ ಒಂದರ ಏರಿನಲ್ಲಿ ಬ್ರೇಕ್ ಮುಟ್ಟದೆ, ಬರೀ ಹಾಫ್ ಕ್ಲಚ್‌ನಲ್ಲಿ ಅದೇ ಕಾರನ್ನು ನಿಲ್ಲಿಸಿಕೊಳ್ಳಿ. ಸಾಮಾನ್ಯ ಮೊದಲ ಗೇರ್, 1,000 ಆರ್‌ಪಿಎಂ ಅಂತ ಹಿಡಿದರೆ ಸುಮಾರು ಎರಡೂವರೆ ಕಿಲೋವ್ಯಾಟ್ ಶಾಖ. ಅಂದ್ರೆ ಅಡುಗೆಮನೆಯ ಎಲೆಕ್ಟ್ರಿಕ್ ಕೆಟಲ್ ಹೆಚ್ಚುಕಮ್ಮಿ ಕ್ಲಚ್ ಒಳಗೇ ಕೂತ ಹಾಗೆ! ಬೆಂಗಳೂರಿನ ಫ್ಲೈಓವರ್ ಮೇಲೆ ಹಾಗೆ ನಿಲ್ಲಿಸೋಕೆ ಬಂದರೆ ಡ್ರೈವಿಂಗ್ ಬಂತು ಅಂತ ನಾವೂ ಬೀಗಿದ್ದೆವು. ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಆ ಶಾಖವೇ ಇಲ್ಲ.

ಆದರೆ ಒಮ್ಮೆ ವಾಸನೆ ಬಂದ ಮಾತ್ರಕ್ಕೆ ಕ್ಲಚ್ ಸತ್ತಿತು ಅಂತ ಅಲ್ಲ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ, ವೇಗಮಿತಿಯೊಳಗೆ, ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮತ್ತು ವೇಗ ಜೊತೆಜೊತೆಗೇ ಏರಬೇಕು. ಆರ್‌ಪಿಎಂ ಮಾತ್ರ ಹಾರಿದರೆ ಕ್ಲಚ್ ಜಾರುತ್ತಿದೆ. ಆಗ ಮುಂದೂಡಬೇಡಿ. ಮೋಟರ್‌ವೇಗೆ ಸೇರುವಾಗ, ಹಿಂದೆ ಲಾರಿ ಬರುತ್ತಿರುವಾಗ ಕಾರು ಎಳೆಯದಿದ್ದರೆ ಅಪಾಯ.

ಬೇರೆ ಲಕ್ಷಣಗಳಿಗೆ ಬೇರೆ ಕಾರಣ ಇರಬಹುದು. ಪೆಡಲ್ ಮೆತ್ತಗಾಗಿ ಗೇರ್ ಬೀಳದಿದ್ದರೆ ಮೊದಲು ಹೈಡ್ರಾಲಿಕ್ ದ್ರವ ಸೋರಿದೆಯಾ ನೋಡಿಸಿ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅನುಮಾನ ರಿಲೀಸ್ ಬೇರಿಂಗ್ ಮೇಲೆ. ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಇರಬಹುದು.

ಇನ್ನು ಅಪ್‌ಗ್ರೇಡ್. ಕ್ಲಚ್ ಹೊರುವ ಟಾರ್ಕ್ ನಿರ್ಧಾರವಾಗೋದು ಒತ್ತುವ ಬಲ, ಘರ್ಷಣಾಂಕ, ತಟ್ಟೆಯ ಸರಾಸರಿ ತ್ರಿಜ್ಯ, ಇವುಗಳ ಗುಣಲಬ್ಧದಿಂದ. ಎರಡು ಮೇಲ್ಮೈ ಇರುವುದರಿಂದ ಅದರ ಎರಡರಷ್ಟು. 5,000 ನ್ಯೂಟನ್, 0.3, 9 ಸೆಂಟಿಮೀಟರ್ ಅಂದರೆ 270 ನ್ಯೂಟನ್ ಮೀಟರ್. ಎಂಜಿನ್ ಕೊಡೋದು 200 ಆದರೆ ಬೇಕಾದಷ್ಟಾಯ್ತು. ರೀಮ್ಯಾಪ್ ಮಾಡಿಸಿ ಅದನ್ನು 300ಕ್ಕೆ ಏರಿಸಿದವರಿಗೆ ಅಪ್‌ಗ್ರೇಡ್ ಬೇಕೇ ಬೇಕು. ಉಳಿದವರಿಗೆ? ಒತ್ತುವ ಬಲ ಹೆಚ್ಚಾದರೆ ಪೆಡಲ್ ಭಾರವಾಗುತ್ತೆ. ರೇಸ್ ಕಾರಿನ ಸೆರಾಮಿಕ್ ತಟ್ಟೆ ಜಗ್ಗನೆ ಹಿಡಿಯುತ್ತೆ, ಟ್ರಾಫಿಕ್ಕಲ್ಲಿ ಕಾರು ಕುಪ್ಪಳಿಸುತ್ತೆ.

ಗೆಳತಿಯ ಕಾರಿನಲ್ಲಿ ಆರ್‌ಪಿಎಂ ಹಾರಿತು. ಎಂಜಿನ್ ಮಾರ್ಪಾಡು ಏನೂ ಆಗಿರಲಿಲ್ಲ. ಹಾಗಾಗಿ ಇನ್ನೊಂದು ಗ್ಯಾರೇಜಲ್ಲಿ ಮಾಮೂಲಿ ಕಿಟ್ ಹಾಕಿಸುವುದು ಅಂತ ತೀರ್ಮಾನ ಆಯ್ತು. ಬಾಡಿ, ಎಂಜಿನ್ ಚೆನ್ನಾಗಿದ್ದವು. ಮಾರಿದರೆ ಸಿಗುವ ದುಡ್ಡಿಗೆ ಅಷ್ಟು ನಂಬಿಕೆಯ ಕಾರು ಸಿಗುತ್ತಿರಲಿಲ್ಲ. ಗೇರ್‌ಬಾಕ್ಸ್ ಇಳಿಸಿದಾಗ ಕಂಡದ್ದು ಬೇರೇನೇ: ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ, ತಟ್ಟೆಗೆ ಎಣ್ಣೆ ಮೆತ್ತಿತ್ತು. ಸೀಲ್ ಬದಲಿಸದೆ ಎಷ್ಟೇ ಗಟ್ಟಿ ಕ್ಲಚ್ ಹಾಕಿದ್ದರೂ ಅದಕ್ಕೂ ಇದೇ ಗತಿ ಆಗ್ತಿತ್ತು.

ಅದಕ್ಕೇ ನಮ್ಮ ಸಲಹೆ: ಖರ್ಚಿನ ದೊಡ್ಡ ಭಾಗ ಗೇರ್‌ಬಾಕ್ಸ್ ಇಳಿಸುವ ಕೂಲಿ. ಇಳಿಸಿದ ಮೇಲೆ ತಟ್ಟೆ, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ. ಸೀಲ್, ಫ್ಲೈವೀಲ್ ಪರೀಕ್ಷಿಸೋಕೆ ಹೇಳಿ. ಹಳೇ ತಟ್ಟೆಯನ್ನು ಕೇಳಿ ನೋಡಿ, ಅದು ಸವೆದಿದೆಯೋ, ಸುಟ್ಟಿದೆಯೋ, ಎಣ್ಣೆ ಕುಡಿದಿದೆಯೋ ಅಂತ.

ಗೆಳತಿ ಈಗ ಸಿಗ್ನಲ್ಲಲ್ಲಿ ಹ್ಯಾಂಡ್‌ಬ್ರೇಕ್ ಹಾಕ್ತಾರೆ. ನಾವೂ ಕಲಿಯುತ್ತಿದ್ದೇವೆ.