ಸೈಕಲ್ಲಿನ ಡಿಸ್ಕ್ ಬ್ರೇಕ್: ಏರ್ ತೆಗೆಯುವ ಕೆಲಸ, ಸುತ್ತಲಿನ ತಪ್ಪು ಕಲ್ಪನೆ

ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಎಣ್ಣೆಯಲ್ಲಿ ಸೇರಿಕೊಂಡ ಗಾಳಿಯನ್ನು ಹೊರಹಾಕುವ ಕೆಲಸಕ್ಕೆ ಬ್ಲೀಡಿಂಗ್ ಎಂದು ಹೆಸರು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಅದು ‘ಏರ್ ತೆಗೆಯುವುದು’. ಲಿವರ್ ಒತ್ತಿದಾಗ ಹುಟ್ಟುವ ಒತ್ತಡವನ್ನು ಎಣ್ಣೆ ಪಾಸ್ಕಲ್ ನಿಯಮದಂತೆ ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನ ಪಿಸ್ಟನ್‌ಗಳಿಗೆ ದಾಟಿಸುತ್ತದೆ. ಎಣ್ಣೆ ಒತ್ತಿದರೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಡುವೆ ಗುಳ್ಳೆ ಸಿಕ್ಕಿಕೊಂಡರೆ ಬೆರಳಿನ ಬಲವೆಲ್ಲ ಅದನ್ನು ಅಮುಕುವುದರಲ್ಲೇ ಮುಗಿದು, ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತದೆ.

ಡಿಸ್ಕ್ ಇದ್ದ ಸೈಕಲ್ಲಿಗೆಲ್ಲ ಎಣ್ಣೆ ಇರುತ್ತದೆ ಎಂಬುದು ಮೊದಲ ತಪ್ಪು ಕಲ್ಪನೆ. ಕಡಿಮೆ ಬೆಲೆಯ ಬಹುಪಾಲು ಡಿಸ್ಕ್ ಸೈಕಲ್‌ಗಳಲ್ಲಿ ಇರುವುದು ತಂತಿ ಎಳೆದು ಹಿಡಿಯುವ ಬ್ರೇಕ್. ಅಲ್ಲಿ ಬ್ಲೀಡ್ ಮಾಡಲು ಏನೂ ಇಲ್ಲ. ತಂತಿ ಬಿಗಿ ಮಾಡಿ, ಪ್ಯಾಡ್ ಹತ್ತಿರ ತಂದರೆ ಕೆಲಸ ಮುಗಿಯಿತು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಲ್ಲಂತೂ ರಬ್ಬರ್ ಕಟ್ಟೆ ರಿಮ್ಮಿಗೆ ಒತ್ತುವ ಬ್ರೇಕ್ ಇತ್ತು. ಲಿವರಿನಿಂದ ಕ್ಯಾಲಿಪರ್‌ವರೆಗೆ ತಂತಿ ಹೋಗಿದೆಯೋ ಎಣ್ಣೆಯ ಹೋಸ್ ಹೋಗಿದೆಯೋ ಎಂದು ನೋಡಿಕೊಂಡರೆ ಅನಗತ್ಯ ಖರ್ಚು ತಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ಬ್ರೇಕ್ ಆಯಿಲ್ ಯಾವುದಾದರೇನು’ ಎಂಬ ನಂಬಿಕೆ. ರಾಯಚೂರು, ಮಾನ್ವಿ, ದೇವದುರ್ಗದ ಬೈಕ್ ಬಿಡಿಭಾಗಗಳ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮೋಟಾರ್‌ಸೈಕಲ್ಲಿನ ಡಾಟ್ 3 ಅಥವಾ ಡಾಟ್ 4 ದ್ರವ. ಶಿಮಾನೊ, ಟೆಕ್ಟ್ರೊ, ಮಗುರಾ ಬ್ರೇಕ್‌ಗಳು ನಡೆಯುವುದು ಮಿನರಲ್ ಆಯಿಲ್‌ನಿಂದ. ಸ್ರಾಮ್ ಕಂಪನಿಯ ಹಲವು ಬ್ರೇಕ್‌ಗಳಿಗೆ ಡಾಟ್ 4 ಅಥವಾ 5.1 ಬೇಕು; ಅದೇ ಕಂಪನಿಯ ಡಿಬಿ8, ಮೇವನ್ ಮಾದರಿಗಳಿಗೆ ಮತ್ತೆ ಮಿನರಲ್ ಆಯಿಲ್. ಆದ್ದರಿಂದ ಕಂಪನಿಯ ಹೆಸರು ಗೊತ್ತಿದ್ದರೆ ಸಾಲದು, ಲಿವರಿನ ಮೇಲೆ ಅಚ್ಚಾದ ಬರಹವನ್ನೇ ಓದಬೇಕು. ಎರಡೂ ಬಗೆಯ ಬ್ರೇಕ್‌ಗಳ ಒಳಗಿನ ರಬ್ಬರ್ ಸೀಲ್‌ಗಳು ಬೇರೆ ಬೇರೆ. ತಪ್ಪು ದ್ರವ ಬಿದ್ದರೆ ಸೀಲ್ ಉಬ್ಬಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಮೇಲೆ ಸರಿಯಾದ ಎಣ್ಣೆ ತುಂಬಿದರೂ ಉಬ್ಬಿದ ಸೀಲ್ ಮೊದಲಿನಂತಾಗುವ ಭರವಸೆಯಿಲ್ಲ. ಎಷ್ಟೋ ಸಲ ಇಡೀ ಬ್ರೇಕನ್ನೇ ಬದಲಿಸಬೇಕಾಗುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಗಳ ಮಾತಂತೂ ಬೇಡ, ಅವು ಕಾಲ ಕಳೆದಂತೆ ಅಂಟಾಗುತ್ತವೆ. ಹೊಲಿಗೆ ಯಂತ್ರದ ಎಣ್ಣೆಯೂ ಮಿನರಲ್ ಆಯಿಲ್ಲೇ ಅಲ್ಲವೇ ಎಂಬ ವಾದ ಕೇಳಲು ಸರಿ ಅನ್ನಿಸುತ್ತದೆ. ಆದರೆ ಬ್ರೇಕ್ ತಯಾರಿಸಿದವರು ಲೆಕ್ಕ ಹಾಕಿದ ತೆಳು-ದಪ್ಪ ಅದಕ್ಕೆ ಇರುತ್ತದೆಂಬ ಖಾತ್ರಿ ಇಲ್ಲ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಇನ್ನೊಂದು ಮಾತು ಸಹಜವಾಗಿಯೇ ಹುಟ್ಟುತ್ತದೆ: ಬಿಸಿಲಿಗೆ ಎಣ್ಣೆ ಕುದ್ದು ಬ್ರೇಕ್ ಸಡಿಲಾಯಿತು ಎಂದು. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೂ 155 ಡಿಗ್ರಿವರೆಗೆ ತಡೆಯಬೇಕು ಎಂಬುದು ಅದರ ಮಾನದಂಡ. ಅಲ್ಲಿನ ಯಾಪಲದಿನ್ನಿಯ ಬಯಲಿನಲ್ಲಿ ಮಧ್ಯಾಹ್ನವಿಡೀ ನಿಂತ ಸೈಕಲ್ಲಿನಲ್ಲಿ ಅಷ್ಟು ಶಾಖ ಬರುವುದಿಲ್ಲ. ಎಣ್ಣೆ ಕುದಿಯುವ ಭಯ ಇರುವುದು ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುವಾಗ. ಬಿಸಿಲಲ್ಲಿ ನಿಂತ ಸೈಕಲ್ಲಿನ ಲಿವರ್ ಮೆತ್ತಗಿದ್ದರೆ ಗಾಳಿ ಮೊದಲೇ ಒಳಗಿದ್ದ ಸಾಧ್ಯತೆಯೇ ಹೆಚ್ಚು.

ಡಾಟ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಹಾಗಾಗಿ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಅರ್ಧ ಬಾಟಲಿ ಕೆಲಸಕ್ಕೆ ಬಾರದು. ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲವೆಂದು ಅದನ್ನು ಎಂದೂ ಬದಲಿಸಬೇಕಿಲ್ಲ ಎನ್ನುವವರಿದ್ದಾರೆ. ಹೀರದ ಕಾರಣಕ್ಕೇ ಅದರಲ್ಲಿ ಸೇರಿದ ನೀರು ಬೇರೆಯಾಗಿ ಅತಿ ಕೆಳಗಿನ ಜಾಗಕ್ಕೆ, ಅಂದರೆ ಹೆಚ್ಚು ಕಾಯುವ ಕ್ಯಾಲಿಪರ್‌ಗೆ ಇಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ.

ಬ್ರೇಕ್ ಸರಿಯಿಲ್ಲದಾಗಲೆಲ್ಲ ಗಾಳಿಯನ್ನೇ ದೂರುವುದೂ ಸರಿಯಲ್ಲ. ಬ್ರೇಕ್ ಕಿರುಚಿದರೆ ಪ್ಯಾಡಿಗೆ ಎಣ್ಣೆ ತಾಗಿರಬಹುದು, ಇಲ್ಲವೇ ಕ್ಯಾಲಿಪರ್ ವಾರೆಯಾಗಿರಬಹುದು. ಬ್ಲೀಡಿಂಗ್‌ನಿಂದ ಸದ್ದು ನಿಲ್ಲದು. ಚಕ್ರ ಕಳಚಿದಾಗ ಮಕ್ಕಳು ಲಿವರ್ ಒತ್ತಿ ಪ್ಯಾಡ್‌ಗಳು ಕೂಡಿಕೊಂಡಿದ್ದರೆ ಪಿಸ್ಟನ್‌ಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದರೆ ಸಾಕು. ಪಂಕ್ಚರ್ ಹಾಕಲು ಸೈಕಲ್ಲನ್ನು ತಲೆಕೆಳಗೆ ಮಾಡಿದರೆ ಬ್ರೇಕ್ ಕೆಡುತ್ತದೆ ಎಂಬುದು ಅರ್ಧ ಸತ್ಯ. ಲಿವರಿನ ಎಣ್ಣೆಪಾತ್ರೆಯಲ್ಲಿ ಗಾಳಿ ಇದ್ದರೆ ಮಾತ್ರ ಅದು ಹೋಸ್ ಕಡೆಗೆ ಏರುತ್ತದೆ. ನೆಟ್ಟಗೆ ನಿಲ್ಲಿಸಿ ಹತ್ತಾರು ಸಲ ಲಿವರ್ ಒತ್ತಿದರೆ ಸಾಮಾನ್ಯವಾಗಿ ಮರಳಿ ಮೇಲೆ ಬರುತ್ತದೆ, ಬಾರದಿದ್ದರೆ ಬ್ಲೀಡ್ ಮಾಡಬೇಕು. ರಾತ್ರಿಯಿಡೀ ಲಿವರಿಗೆ ರಬ್ಬರ್ ಬ್ಯಾಂಡ್ ಕಟ್ಟಿಡುವ ಉಪಾಯ ಸಣ್ಣ ಗುಳ್ಳೆಗಳಿಗೆ ಒಂದಿಷ್ಟು ನೆರವಾದೀತು, ಬ್ಲೀಡಿಂಗ್‌ಗೆ ಅದು ಬದಲಿಯಲ್ಲ.

ಮೇಲಿನಿಂದ ಎಣ್ಣೆ ಸುರಿದರೆ ಏರ್ ಹೋಗುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಗುಳ್ಳೆ ಏರುವುದು ಮೇಲಕ್ಕೆ. ಅದಕ್ಕೇ ಅನೇಕ ಬ್ರೇಕ್‌ಗಳಲ್ಲಿ ಸಿರಿಂಜಿನಿಂದ ಕ್ಯಾಲಿಪರ್ ಕಡೆಯಿಂದ ಹೊಸ ಎಣ್ಣೆ ತಳ್ಳಿ, ಲಿವರಿನ ಮೇಲೆ ಕೂರಿಸಿದ ಲಾಳಿಕೆಯಲ್ಲಿ ಗುಳ್ಳೆ ಹೊರಬರುವವರೆಗೆ ಕಾಯುತ್ತಾರೆ. ಅದಕ್ಕೂ ಮುನ್ನ ಚಕ್ರ, ಪ್ಯಾಡ್ ಎರಡನ್ನೂ ತೆಗೆದು ದೂರ ಇಡಬೇಕು, ಪಿಸ್ಟನ್‌ಗಳು ಹೊರಬಾರದಂತೆ ಅವುಗಳ ನಡುವೆ ಬ್ಲೀಡ್ ಬ್ಲಾಕ್ ಎಂಬ ತುಂಡು ಇಡಬೇಕು. ಹೋಸ್‌ಗೂ ಕ್ಯಾಲಿಪರ್‌ಗೂ ಮೆಲ್ಲಗೆ ತಟ್ಟುತ್ತಿದ್ದರೆ ಅಂಟಿಕೊಂಡ ಗುಳ್ಳೆ ಬಿಡುತ್ತದೆ. ಡಾಟ್ ದ್ರವ ಪೇಂಟನ್ನು ತಿನ್ನುವುದರಿಂದ ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು.

ಬ್ಲೀಡ್ ಮಾಡಿದ ಕೆಲವೇ ದಿನಗಳಲ್ಲಿ ಲಿವರ್ ಮತ್ತೆ ಮೆತ್ತಗಾದರೆ ಕೆಲಸ ಅರೆಬರೆಯಾಗಿತ್ತು, ಮತ್ತೊಮ್ಮೆ ಮಾಡಿದರಾಯಿತು ಎನ್ನುವುದುಂಟು. ಒಮ್ಮೆ ಅದು ನಿಜವಿರಬಹುದು. ಪದೇ ಪದೇ ಹಾಗಾದರೆ ಎಲ್ಲೋ ಸೋರುತ್ತಿದೆ. ಲಿವರನ್ನು ಬಲವಾಗಿ ಒತ್ತಿ ಹಿಡಿದು ಹೋಸಿನ ಎರಡೂ ತುದಿ, ಬ್ಲೀಡ್ ನಿಪ್ಪಲ್, ಪಿಸ್ಟನ್ ಅಂಚುಗಳಲ್ಲಿ ಎಣ್ಣೆಯ ಪಸೆ ಹುಡುಕಬೇಕು. ಸೋರಿಕೆ ಸರಿಪಡಿಸಿ, ಎಣ್ಣೆ ಕುಡಿದ ಪ್ಯಾಡ್ ಬದಲಿಸಿದ ಮೇಲೆಯೇ ಮತ್ತೆ ಬ್ಲೀಡ್ ಮಾಡಬೇಕು.